ಮಾವ ಮತ್ತು ಸೋಮಾರಿ ಪ್ರಶ್ನೆಗಳು

ನಮ್ಮ ಸೋದರಮಾವನ ಹತ್ತಿರ ಗಂಟೆ ಎಷ್ಟು ಎಂದು ಕೇಳಿದವರು ಬಸ್ಸು ತಪ್ಪಿಸಿಕೊಳ್ಳುವುದು ಗ್ಯಾರಂಟಿ! ಹಾಗಂತ ಮಾವನ ಹತ್ತಿರ ವಾಚಿಲ್ಲವೆಂದಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಗಡಿಬಿಡಿಯಿಂದ ಓಡಿಬಂದು ಕೇಳಿದ ಬಡಪಾಯಿಗೆ ಅವರು ಮೊದಲು ಹೇಳುವುದು, "ಎದುರಿಗೇ ಗಡಿಯಾರ ಐತಲ್ಲ, ನೋಡಿದ್ರಾ?" ಅಂತ.

"ಕನ್ನಡಕ ತಂದಿಲ್ಲ ಕಣ್ರೀ."

"ಅದನ್ನ ಮೊದ್ಲೇ ಹೇಳ್ಬೇಕಲ್ವಾ? ಈಗ ಸರಿಯಾಯ್ತು ನೋಡಿ ಪ್ರಶ್ನೆ. ಯಾವೂರ್ ಬಸ್ಸಿಗೆ ಕಾಯ್ತಿದ್ದೀರಿ?"

ಅಷ್ಟರಲ್ಲಿ ಕಣಕಟ್ಟೆ ಬಸ್ಸು ಹೊರಟುಹೋಗಿರುತ್ತದೆ.

ಈ ಚಾಳಿ ಅಂಟಿಕೊಂಡದ್ದು ಇಂಟರ್ನೆಟ್ಟಿನಿಂದ. ಮಾವ ಅಮ್ಮನ ತಮ್ಮ, ಅರವತ್ತಕ್ಕೆ ಹತ್ತಿರದ ಬ್ರಹ್ಮಚಾರಿ. ಒಂದು ಕಾಲದಲ್ಲಿ ಬೇಲೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಕಲಿಯುವವರು ಕಡಿಮೆಯಾದ ಮೇಲೆ ಅರಸೀಕೆರೆಗೆ ಬಂದು, ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಬಾಡಿಗೆ ಕೋಣೆ ಹಿಡಿದರು. ಅವರಿವರಿಗೆ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುವುದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಒಂದು ವೆಬ್‌ಸೈಟಿನಲ್ಲಿ ವಾಸ. ಅದನ್ನು ಒಂದು ಅರಳಿಕಟ್ಟೆ ಅನ್ನಿ. ಪ್ರೋಗ್ರಾಂ ಬರೆಯುತ್ತಾ ಸಿಕ್ಕಿಬಿದ್ದವರು ಯಾವ ದೇಶದಿಂದಲಾದರೂ ಬಂದು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಬಹುದು, ತಿಳಿದವರು ಪುಕ್ಕಟೆಯಾಗಿ ಉತ್ತರ ಬರೆಯುತ್ತಾರೆ. ಮಾವ ಅಲ್ಲಿ ಹಳಬರು. ಹಾಗಾಗಿ, ಪ್ರಶ್ನೆ ಸರಿಯಿಲ್ಲದಿದ್ದರೆ ಯಾರೂ ಉತ್ತರಿಸದಂತೆ ಅದನ್ನು ಮುಚ್ಚಿಬಿಡುವ ಅಧಿಕಾರ ಅವರಿಗಿತ್ತು. ನಮ್ಮ ವಂಶಕ್ಕೆ ಅಧಿಕಾರ ಅಂತ ಸಿಕ್ಕಿದ್ದು ಅದೊಂದೇ, ಬಿಡುತ್ತಾರೆಯೇ?

ಬರುತ್ತಿದ್ದ ಪ್ರಶ್ನೆಗಳೂ ಹಾಗೇ ಇದ್ದವು ಬಿಡಿ. "ಕೋಡ್ ಓಡ್ತಿಲ್ಲ, ಅರ್ಜೆಂಟ್!" ಎಂದಷ್ಟೇ ಬರೆದು ಒಬ್ಬ ಮಾಯವಾಗುತ್ತಿದ್ದ. ಇನ್ನೊಬ್ಬ ಕಂಪ್ಯೂಟರಿನ ಪರದೆಯ ಫೋಟೋ ಹಾಕುತ್ತಿದ್ದ, ಅದರಲ್ಲಿ ಕೋಡಿಗಿಂತ ಅವನ ಹೆಬ್ಬೆರಳೇ ಸ್ಪಷ್ಟವಾಗಿರುತ್ತಿತ್ತು. ಮತ್ತೊಬ್ಬ ಪರೀಕ್ಷೆಯ ಪ್ರಶ್ನೆಯನ್ನು ಕೊನೆಯ "ಹತ್ತು ಅಂಕ" ಸಮೇತ ಇಳಿಸಿದ್ದ. ಮಾವ ಅದರ ಕೆಳಗೆ "ನಕಲು ಅಚ್ಚುಕಟ್ಟಾಗಿದೆ, ಅರ್ಧ ಅಂಕ ಕೊಟ್ಟಿದ್ದೇನೆ" ಎಂದು ಬರೆದು ಮುಚ್ಚಿದರು. ಎಲ್ಲರಿಗೂ ಅವರು ಕೇಳುತ್ತಿದ್ದದ್ದು ಮೂರೇ ಮಾತು. ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು?

ಈ ಮೂರು ಮಾತು ವೆಬ್‌ಸೈಟಿನಲ್ಲೇ ಇದ್ದಿದ್ದರೆ ನಮಗೇನೂ ತೊಂದರೆಯಿರಲಿಲ್ಲ. ನಲವತ್ತು ದಾಟಿದ ಮೇಲೆ ತಮಗೇ ಅಂತ ಅರೇಹಳ್ಳಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ನಿಮ್ಗೆ ಒಪ್ಗೇನಾ?" ಎಂದು ಕೇಳಿದ್ದಕ್ಕೆ, "ಇಷ್ಟೇ ಮಾಹಿತೀಲಿ ಹೆಂಗೆ ಹೇಳೋದು?" ಅಂದರು ಈ ಪುಣ್ಯಾತ್ಮರು. ಒಳಗಿಂದ ಹುಡುಗಿ ನಕ್ಕಿದ್ದು ಕೇಳಿಸಿತಂತೆ. ಅವಳ ತಂದೆ ನಗಲಿಲ್ಲ. "ಆ ನಗು ಕೇಳ್ದ ಮೇಲೆ ಒಪ್ಗೆ ಅನ್ನಾಣ ಅಂತಿದ್ದೆ ಕಣೇ," ಎಂದು ಮಾವ ಒಮ್ಮೆ ನನಗೆ ಹೇಳಿದ್ದುಂಟು. ಅಷ್ಟರಲ್ಲಿ ಕಾಫಿ ಲೋಟಗಳು ಒಳಗೆ ಹೋಗಿದ್ದವು.

ಹೋದ ವರ್ಷ ಎದೆ ಉರಿ ಎಂದು ಡಾಕ್ಟರ ಹತ್ತಿರ ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ಮಾವ ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. 'ಮಾಡಿದ್ದು: ಎರಡು ಮುದ್ದೆ, ಅವರೆಕಾಳು ಸಾರು ಉಂಡೆ. ಆಗಬೇಕಿದ್ದದ್ದು: ನಿದ್ದೆ. ಆದದ್ದು: ಉರಿ. ಸಾರು ಬಿಟ್ಟು ಮುದ್ದೆಯನ್ನು ಮೊಸರಿನಲ್ಲಿ ಉಂಡೆ, ಉರಿ ಇಲ್ಲ. ಮುದ್ದೆ ಬಿಟ್ಟು ಸಾರನ್ನು ಅನ್ನಕ್ಕೆ ಹಾಕಿಕೊಂಡೆ, ಉರಿ ಬಂತು. ಆದ್ದರಿಂದ ತಪ್ಪು ಸಾರಿನದು.'

"ಔಷ್ದೀನೂ ನೀವೇ ಬರ್ಕೊಂಬಿಡಿ," ಎಂದು ಡಾಕ್ಟರು ನಕ್ಕರು. ಆಮೇಲೆ ಸುಮ್ಮನೆ, "ಮನೇಲಿ ಜೊತೆಗೆ ಯಾರಿದ್ದಾರೆ?" ಎಂದು ಕೇಳಿದರು. ಮಾವ ಹಾಳೆಯನ್ನು ಮಗುಚಿ ನೋಡಿದರು. ಹಿಂಬದಿ ಖಾಲಿ.

"ಅದನ್ನ ಬರ್ಕೊಂಡ್ ಬಂದಿಲ್ಲ," ಅಂದರು.

ಅವರ ಜೊತೆಗಿದ್ದವರೆಂದರೆ ಆ ಪ್ರಶ್ನೆ ಕೇಳುವವರೇ. ಈಗ ಎರಡು ಮೂರು ವರ್ಷದಿಂದ ಅವರೂ ಬರುವುದನ್ನು ಬಿಟ್ಟಿದ್ದಾರೆ. ಜನ ಎಲ್ಲವನ್ನೂ ಎಐಗೇ ಕೇಳುತ್ತಾರೆ. ಅದು ಬೈಯುವುದಿಲ್ಲ, ಮುಚ್ಚುವುದಿಲ್ಲ, ಎಂಥ ಅರೆಬರೆ ಪ್ರಶ್ನೆಗೂ "ಒಳ್ಳೆಯ ಪ್ರಶ್ನೆ" ಅನ್ನುತ್ತದೆ! ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ಮಾವ ಖಾಲಿ ಪರದೆಯ ಮುಂದೆ ಕೂತಿದ್ದರು.

"ಬೆಳಗ್ಗಿಂದ ಎರಡೇ ಪ್ರಶ್ನೆ ಕಣೇ. ಎರಡಕ್ಕೂ ಬೇರೆಯೋರು ಉತ್ರ ಬರ್ದವ್ರೆ. ಸೋಮಾರಿಗಳೂ ಬರ್ತಿಲ್ಲ."

"ನೀವೇ ಓಡ್ಸಿದ್ದಲ್ವಾ ಮಾವ?"

ತಮಾಷೆಗೆ ಅಂದದ್ದು. ಅವರು ನಗಲಿಲ್ಲ.

"ಓಡ್ಸಿದ್ದಲ್ಲ ಕಣೇ. ಸರಿಯಾಗಿ ಬರ್ಕೊಂಡು ವಾಪಸ್ ಬರ್ಲಿ ಅಂತ ಕಳಿಸ್ದೆ. ಬರ್ತಾರೆ ಅನ್ಕೊಂಡಿದ್ದೆ."

ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಯಾಕಾದರೂ ಅಂದೆನೋ ಅನ್ನಿಸಿತು.

ಅದಾದ ಮೇಲೆ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಹಿಂದೆ ತಾವೇ ಮುಚ್ಚಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ತೆರೆಸಿ, ಉತ್ತರ ಬರೆಯತೊಡಗಿದರು. ಹತ್ತು ವರ್ಷದ ಹಿಂದೆ "ಅರ್ಜೆಂಟ್" ಎಂದಿದ್ದವನಿಗೆ ಈಗ ನಾಲ್ಕು ಪುಟ! ಅವನು ಆ ಕೆಲಸ ಬಿಟ್ಟು ಎಷ್ಟು ಕಾಲವಾಯಿತೋ. "ಊರೋರೆಲ್ಲ ಉಂಡ್ ಎದ್ದೋದ್ ಮೇಲೆ ಎಲೆ ಹಾಕ್ತಾವ್ನೆ ನಿನ್ ಮಾವ," ಅಂದಳು ಅಮ್ಮ. ಬರೆದ ಒಂದಕ್ಕೂ ಮರುಮಾತು ಬರಲಿಲ್ಲ. ಆದರೂ ದಿನಾ ಬೆಳಗ್ಗೆ ಎದ್ದು ಯಾರಾದರೂ ಬಂದಿದ್ದಾರಾ ಎಂದು ನೋಡುತ್ತಿದ್ದರು. ಒಬ್ಬರಾದರೂ ಬಂದು ಒಂದು ಮಾತು ಬರೆಯಲಿ ದೇವರೇ ಎಂದು ನಾನೂ ಬೇಡಿಕೊಂಡಿದ್ದೇನೆ.

ಹೋದ ಭಾನುವಾರ ಮಧ್ಯಾಹ್ನ ಹಗರೆಯ ನಮ್ಮ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಮೊಬೈಲಿಗೆ ಒಂದು ಇಮೇಲ್ ಬಂತು. ನಿಮ್ಮ ಪ್ರಶ್ನೆಗೆ ಉತ್ತರ ಬಂದಿದೆ ಎಂದಿತ್ತು.

ಯಾರಿಗೂ ಹೇಳದ್ದನ್ನು ಈಗ ಹೇಳಿಬಿಡುತ್ತೇನೆ. ಡಿಪ್ಲೊಮಾ ಓದುವಾಗ, ಮಾವನೆದುರು ದಡ್ಡಿ ಅನ್ನಿಸಿಕೊಳ್ಳಲು ಹೆದರಿ, ಸುಳ್ಳು ಹೆಸರಿನಲ್ಲಿ ಅದೇ ಸೈಟಿಗೆ ಹೋಗಿ ಒಂದು ಸಾಲು ಬರೆದಿದ್ದೆ. "ನನ್ನ ಪ್ರೋಗ್ರಾಂ ನಿಲ್ಲುತ್ತಲೇ ಇಲ್ಲ, ದಯವಿಟ್ಟು ಸಹಾಯ ಮಾಡಿ." ಐದೇ ನಿಮಿಷದಲ್ಲಿ ಅದನ್ನು ಮುಚ್ಚಿದ್ದರು. ಕೆಳಗೆ ಮಾವನ ಹೆಸರು, 'ಪ್ರಯತ್ನದ ಸುಳಿವೇ ಇಲ್ಲ' ಎಂಬ ಷರಾ. ಹಾಸ್ಟೆಲ್ಲಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಆಮೇಲೆ ಪ್ರೋಗ್ರಾಂ ಬರೆಯುವ ಗೋಜಿಗೇ ಹೋಗಲಿಲ್ಲ. ಈಗ ಹಾಲಿನ ಡೈರಿಯಲ್ಲಿ ಗುಮಾಸ್ತೆ.

ಮಾವ ಉತ್ತರ ಬರೆದಿದ್ದರು. ನಿಮ್ಮ ಕೋಡ್ ನೋಡದೆ ಊಹಿಸುತ್ತಿದ್ದೇನೆ ಎಂದು ಶುರುಮಾಡಿ, ಪ್ರೋಗ್ರಾಂ ನಿಲ್ಲದಿರಲು ಏಳು ಕಾರಣ ಕೊಟ್ಟು, ಒಂದೊಂದಕ್ಕೂ ಉದಾಹರಣೆ ಬರೆದಿದ್ದರು. ಬೇಲೂರಿನಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದಷ್ಟೇ ನಿಧಾನವಾಗಿ. ನನಗೆ ಎಲ್ಲವೂ ಅರ್ಥವಾಯಿತು. ನನ್ನ ತಪ್ಪು ನಾಲ್ಕನೆಯದಾಗಿತ್ತು. ಕೊನೆಯಲ್ಲಿ ಹೀಗಿತ್ತು: "ಅಂದು ನಾನು ಅವಸರಪಟ್ಟೆ. ನಿಮ್ಮನ್ನು ಕೂರಿಸಿಕೊಂಡು ವಿಚಾರಿಸಬೇಕಿತ್ತು. ನೀವು ಇನ್ನೂ ಅಲ್ಲಿದ್ದೀರಾ?"

ಕಣ್ಣು ಮಂಜಾಗಿ ಅಕ್ಕಿ ಯಾವುದು ಕಲ್ಲು ಯಾವುದು ತಿಳಿಯದಾಯಿತು. ಮೊರ ಪಕ್ಕಕ್ಕಿಟ್ಟೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆದರೆ ಅಳಿಸಿಹಾಕುವ ಸೈಟು ಅದು. ಅಳಿಸುವ ಮೊದಲು ಮಾವ ಓದಿದರೆ ಸಾಕೆಂದು ಕನ್ನಡದಲ್ಲೇ ಬರೆದೆ:

"ಇದ್ದೀನಿ ಮಾವ. ಸಾಯಂಕಾಲಕ್ಕೆ ಬತ್ತೀನಿ, ನಂಗೂ ಸೇರ್ಸಿ ಅನ್ನಕ್ಕಿಡಿ."