ಕೊಸರು ನಂಬಿ ಹಾರಿದವನು

ಜನ ಸಂತೆಯಲ್ಲಿ ಸೊಪ್ಪು ಕೊಳ್ಳುವ ಹಾಗೆ ಎಲಿಯೊದೋರೋ ವಿಮಾನಕ್ಕೆ ಪೆಟ್ರೋಲು ಕೊಳ್ಳುತ್ತಿದ್ದ. ಬೇಕಾದ್ದಕ್ಕಿಂತ ಕಡಿಮೆ ಅಳೆಸುವುದು, ಉಳಿದದ್ದನ್ನು ಕೊಸರಿನಲ್ಲಿ ಸರಿದೂಗಿಸುವುದು. ಬೆನಿ ಎಂಬ ಆ ಬಯಲುಸೀಮೆಯಲ್ಲಿ ಕೊಸರಿಗೆ ಯಾಪಾ ಅನ್ನುತ್ತಾರೆ. ಯಾಪಾ ಕೊಡದ ವ್ಯಾಪಾರಿಗೆ ಅಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಪೆಟ್ರೋಲು ಮಾರುವ ಫುಲ್ಹೆನ್ಸಿಯೊ ತಪ್ಪದೆ ಒಂದು ಕ್ಯಾನು ಕೊಸರು ಸುರಿಯುತ್ತಿದ್ದ.

ಆದರೂ ಎಲಿಯೊದೋರೋ ಎರಡು ಸಲ ಪೆಟ್ರೋಲು ಮುಗಿದು ಕಂಡಕಂಡಲ್ಲಿ ಇಳಿದಿದ್ದ. ವಿಮಾನದ ಒಡತಿ ದೋನ್ಯಾ ರೆಂಬೆರ್ತಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಇನ್ನೊಂದ್ಸಲ ಹಂಗಾದ್ರೆ ವಿಮಾನ ನನ್ನ ಅಳಿಯಂಗೆ. ನೀನು ದನ ಕಾಯೋಕೆ ಹೋಗು."

ಅವತ್ತು ಎಲಿಯೊದೋರೋನ ಮಗಳ ಧರ್ಮತಾಯಿ, ಆ ನಂಟಿನಿಂದ ಅವನನ್ನು ಕಂಪಾದ್ರೆ ಎಂದು ಕರೆಯುವ ಸೊರಾಯ್ದಾ ತನ್ನ ಕೋಳಿ, ಗಂಟುಮೂಟೆಗಳ ಸಮೇತ ಹತ್ತಿದಳು. ಅವನ್ನೆಲ್ಲ ತುರುಕುವ ಗಡಿಬಿಡಿಯಲ್ಲಿ ಟ್ಯಾಂಕು ನೋಡಲು ಪುಣ್ಯಾತ್ಮನಿಗೆ ಪುರಸೊತ್ತಾಗಲಿಲ್ಲ. ಅರ್ಧ ದಾರಿಯಲ್ಲಿ ಎಂಜಿನ್ ಕೆಮ್ಮಿ ಸುಮ್ಮನಾಯಿತು.

"ಸದ್ದು ನಿಂತಿದ್ದು ಒಳ್ಳೇದಾಯ್ತು ಕಂಪಾದ್ರೆ. ಕೋಳಿಗಳು ಹೆದರ್ಕೊಂಡಿದ್ವು."

"ಮಾತೆ ಮರಿಯಳನ್ನ ನೆನೀರಿ ತಾಯೀ, ಬೀಳ್ತಿದೀವಿ!"

ಹುತ್ತಗಳ ನಡುವೆ ತೂರಿ, ದನಗಳನ್ನು ಚದುರಿಸಿ, ವಿಮಾನ ಕೆಸರಲ್ಲಿ ಹೂತು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ದನ ಕಾಯುತ್ತಿದ್ದವನು ಆಗಲೇ ಒಡತಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಲು ಓಡಿದ್ದ.

"ಆ ಕಳ್ಳ ಫುಲ್ಹೆನ್ಸಿಯೊ ಕೊಸರೇ ಹಾಕಿಲ್ಲ!" ಎಂದು ಎಲಿಯೊದೋರೋ ಹಲ್ಲು ಕಡಿದ.

"ಪಾಪ, ಅವನನ್ಯಾಕೆ ಬೈತೀರಿ? ಕೊಟ್ಟ. ನಮ್ಮ ನೀರೆತ್ತೋ ಪಂಪಿಗೆ ಅಂತ ನಾನೇ ಇಸ್ಕೊಂಡೆ." ಸೊರಾಯ್ದಾ ಸೀಟಿನಡಿಯಿಂದ ತುಂಬಿದ ಕ್ಯಾನನ್ನು ಎಳೆದಳು.

ಎಲಿಯೊದೋರೋ ತಲೆ ತಲೆ ಚಚ್ಚಿಕೊಂಡ. ಹೊಟ್ಟೆಪಾಡು ಹೋಯಿತಲ್ಲ ಎಂದು ಅಳುವೇ ಬಂತು.

"ಅಳ್ಬೇಡಿ ಸುಮ್ನಿರಿ. ನಿಮ್ಮ ಒಡತಿ ಬರೋದ್ರೊಳಗೆ ಇದನ್ನ ಟ್ಯಾಂಕಿಗೆ ಸುರೀರಿ. ಪೆಟ್ರೋಲಿತ್ತು, ಎಂಜಿನ್ನೇ ಕೆಟ್ಟೋಯ್ತು ಅನ್ನಿ. ಸಾಕ್ಷಿಗೆ ನಾನಿಲ್ವಾ?"

ಸುರಿದ. ದೋನ್ಯಾ ರೆಂಬೆರ್ತಾ ಅಳಿಯನ ಬೈಕಿನ ಹಿಂದೆ ಕೂತು ಬಂದಿಳಿದಳು. ಟ್ಯಾಂಕಿಗೆ ಕೋಲು ಇಳಿಸಿ ನೋಡಿದಳು. ಕೋಲು ಒದ್ದೆಯಾಗಿತ್ತು.

"ಪೆಟ್ರೋಲಿದೆ," ಎಂದಳು, ನಂಬಲಾರದೆ.

"ನಾನೇನು ಸುಳ್ಳು ಹೇಳ್ತೀನಾ ಅಮ್ಮಾ? ನಿಮ್ಮ ಎಂಜಿನ್ನೇ ದಂಡಪಿಂಡ!" ಎಲಿಯೊದೋರೋ ಎದೆಯುಬ್ಬಿಸಿದ.

"ನನ್ನ ಕಣ್ಣಾರೆ ಕಂಡೆ," ಎಂದು ಸೊರಾಯ್ದಾ ಶಿಲುಬೆ ಗುರುತು ಹಾಕಿಕೊಂಡಳು.

ದೋನ್ಯಾ ರೆಂಬೆರ್ತಾ ಸೀರಿಯಸ್ಸಾಗಿ ವಿಮಾನ ಹತ್ತಿ ಕೀಲಿ ತಿರುಗಿಸಿದಳು. ಎಂಜಿನ್ ಒಂದೇ ಏಟಿಗೆ ಹೋರಿಯಂತೆ ಗುಟುರು ಹಾಕಿತು. ಕೋಳಿಗಳು ದಿಕ್ಕಾಪಾಲಾದವು.

ಅವಳು ಎಂಜಿನ್ ಆರಿಸಿ ಕೀಲಿಯನ್ನು ಅಳಿಯನ ಕೈಗಿಟ್ಟಳು.

"ಪೆಟ್ರೋಲಿದೆ. ಎಂಜಿನ್ನೂ ಚೆನ್ನಾಗಿದೆ. ಹಂಗಾದ್ರೆ ಕೆಟ್ಟಿರೋದು ಯಾವ್ದಪ್ಪಾ, ಎಲಿಯೊದೋರೋ?"