ಲಾಸ್‌ಲೆಸ್ ನವಿಲು

"ಒಂದೇ ಒಂದು ಕಣ ಕಳೀಲಿಕ್ಕಿಲ್ಲ! ಬರದಿಟ್ಕೋ!" ಎಂದು ಬಾಳಕೃಷ್ಣ ಹುಯಿಲಗೋಳರು ಭಾನುವಾರದ ಅವಲಕ್ಕಿಯ ತಾಟನ್ನು ಪಕ್ಕಕ್ಕೆ ಸರಿಸಿ ಹೆಂಡತಿ ಸುಲಭಾಳಿಗೆ ಘೋಷಿಸಿದರು. ಪುಣೆಯ ಹಿಂಜವಾಡಿಯ ಐಟಿ ಕಂಪನಿಯೊಂದರಲ್ಲಿ ಅವರು ಡೆಲಿವರಿ ಮ್ಯಾನೇಜರ್. ಇಷ್ಟು ವರ್ಷಗಳಲ್ಲಿ ಸ್ವಂತ ಕೈಯಿಂದ ಏನನ್ನಾದರೂ ಡೆಲಿವರಿ ಮಾಡಿದ್ದಕ್ಕೆ ಸಾಕ್ಷಿಯಿಲ್ಲ. ಮಾಡಿಸಿದ್ದಕ್ಕೆ ಮಾತ್ರ ಬೇಕಾದಷ್ಟು ಸ್ಲೈಡುಗಳಿವೆ!

ವಿಷಯ ಒಂದು ಸೀರೆಯದು. ಮಗಳು ಅನುಜಾಳಿಗೆ ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ ಹತ್ತಿರ ಬಂದಿತ್ತು. ಪುಣೆಯಲ್ಲಿ ಹೊಸ ಮದುವಣಗಿತ್ತಿ ಅಂದು ಕರಿ ಸೀರೆ ಉಟ್ಟು, ಕುಸುರೆಳ್ಳಿನ ಒಡವೆ ತೊಟ್ಟು ಕೂರಬೇಕು. ಮೊಮ್ಮಗಳ ಆ ದಿನಕ್ಕೆಂದೇ ಸುಲಭಾಳ ಅವ್ವ ಧಾರವಾಡದಲ್ಲಿ ಕುಳಿತು ಕರಿ ಸೀರೆಯ ಸೆರಗಿಗೆ ಕಸೂತಿ ನವಿಲುಗಳ ಸಾಲು ಹಾಕುತ್ತಿದ್ದಳು. ಕೊನೆಯ ನವಿಲಿನ ಕುತ್ತಿಗೆಯವರೆಗೆ ಬಂದವಳು, ಸೂಜಿಯನ್ನು ಅಲ್ಲೇ ಚುಚ್ಚಿಟ್ಟು ಮಲಗಿದಳು. ಮತ್ತೆ ಏಳಲಿಲ್ಲ.

ಆ ಕಸೂತಿಗೆ ನಕ್ಷೆ ಇರಲಿಲ್ಲ. ಎಳೆ ಎಣಿಸಿಕೊಂಡು ಹೋಗಬೇಕು, ಬಿಟ್ಟ ಜಾಗ ತುಂಬಿಕೊಂಡು ವಾಪಸು ಬರಬೇಕು, ಗಂಟು ಕಾಣಬಾರದು. ಕುತ್ತಿಗೆಯಲ್ಲಿ ದಾರ ಹೊರಳಿಸುವ ಜಾಣ್ಮೆ ಅವ್ವನ ಬೆರಳಿಗಷ್ಟೇ ಗೊತ್ತಿತ್ತು. ಪುಣ್ಯಕ್ಕೆ, ಅದಕ್ಕೂ ಮೊದಲಿನ ನವಿಲು ಹಾಕುವಾಗ ಅನುಜಾ ಅಜ್ಜಿಯ ಕೈಯನ್ನು ತೀರ ಹತ್ತಿರದಿಂದ ವಿಡಿಯೋ ಮಾಡಿದ್ದಳು. ಅದನ್ನು ದೊಡ್ಡ ಟಿವಿಯಲ್ಲಿ ನೋಡಿ ಎಳೆ ಎಣಿಸಿ, ಅವ್ವ ಬಿಟ್ಟಿದ್ದನ್ನು ತಾನು ಮುಗಿಸಬೇಕೆಂಬುದು ಸುಲಭಾಳ ಆಸೆ. ಆದರೆ ಪೆನ್‌ಡ್ರೈವ್ ಚುಚ್ಚಿದರೆ ಟಿವಿ, "ಈ ಫೈಲು ನನಗೆ ಸೇರುವುದಿಲ್ಲ" ಎಂದು ಮುಖ ತಿರುಗಿಸಿತು.

"ಅನುಜಾ ಬರಲಿ ಬಿಡ್ರಿ. ಆಕಿ ಮಾಡ್ತಾಳ," ಎಂದಳು ಸುಲಭಾ.

"ಆಕಿ ಊರಿನ ಆ ತುದಿ ಖರಾಡಿಯಿಂದ ಇಲ್ಲಿಗೆ ಮುಟ್ಟೂದ್ರಾಗ ಸಂಕ್ರಾಂತಿ ಹೋಗಿ ಯುಗಾದಿ ಬಂದಿರ್ತದ! ನಾ ಇದೀನಲ್ಲ! ನೋಡು, ವಿಡಿಯೋ ಅಂದ್ರ ಸಾರು. ಫೈಲ್ ಅಂದ್ರ ಡಬ್ಬಿ. ಈ ಟಿವಿಗೆ ಈ ಡಬ್ಬಿ ಮುಚ್ಚಳ ತೆಗೀಲಿಕ್ಕೆ ಬರೂದಿಲ್ಲ. ಬ್ಯಾರೆ ಡಬ್ಬಿಗೆ ಸುರುವಿದ್ರ ಮುಗೀತು."

"ಸುರುವೂದು ನೀವಂತೀರಿ, ಅದಕ್ಕ ಅಂಜಿಕಿ. ನಿನ್ನಿ ಹಾಲು ಸುರುವಿದ್ದು ಇನ್ನೂ ಒಲಿ ಕೆಳಗ ಅದ."

"ಲಾಸ್‌ಲೆಸ್ ಮಾಡ್ತೀನಿ ಮಾರಾಯ್ತಿ! ಲಾಸ್‌ಲೆಸ್! ಒಂದು ಹನಿ ಸೈತ ಚೆಲ್ಲೂದಿಲ್ಲ!"

ವಿಡಿಯೋ ಕುಗ್ಗಿಸಿ ಬಿಚ್ಚುವ ವಿಧಾನಕ್ಕೆ ಕೋಡೆಕ್ ಎಂಬ ಶಬ್ದವಿದೆಯೆಂದು ಕಲಿತ ವಾರದಿಂದ ಬಾಳಕೃಷ್ಣರಿಗೆ ಎರಡು ಕೋಡು ಮೂಡಿದ್ದವು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, ತಳಮಹಡಿಯಿಂದ ಏಳನೆಯ ಮಹಡಿಯವರೆಗೆ, ಲಾಸ್‌ಲೆಸ್ ಮಹಾತ್ಮೆಯ ಪಾರಾಯಣ ನಡೆದಿತ್ತು!

ಪೆನ್‌ಡ್ರೈವಿನಲ್ಲಿ ಅವ್ವ ಎರಡಿದ್ದಳು: ಒಂದು ದೊಡ್ಡ ಫೈಲು, ಒಂದು ಪುಟ್ಟ ಫೈಲು. ದೊಡ್ಡದು ಲ್ಯಾಪ್‌ಟಾಪಿನಲ್ಲೂ ದನಿ ಕೊಟ್ಟಿತೇ ಹೊರತು ಮುಖ ತೋರಲಿಲ್ಲ. ಪುಟ್ಟದು ಥಟ್ಟನೆ ತೆರೆದುಕೊಂಡಿತು. ಲ್ಯಾಪ್‌ಟಾಪಿನ ಮೂಲೆಯ ಪುಟ್ಟ ಕಿಟಕಿಯಲ್ಲಿ ಅವ್ವ ಚೆನ್ನಾಗಿಯೇ ಕಂಡಳು. ಒಳಗಿನ ಸಾರು ಒಂದೇ ಅಂದ ಮೇಲೆ ತೆರೆಯುವ ಡಬ್ಬಿಯನ್ನು ಬಿಟ್ಟು ತೆರೆಯದ ಡಬ್ಬಿಯ ಜೊತೆ ಗುದ್ದಾಡಲು ಬಾಳಕೃಷ್ಣರಿಗೇನು ಹುಚ್ಚೆ? ಅದು ಟಿವಿಯಲ್ಲಿ ನೇರ ಓಡುತ್ತದೋ ಎಂದೂ ನೋಡದೆ, ಪುಟ್ಟದನ್ನೇ ಡಬ್ಬಿ ಬದಲಿಸುವ ಸಾಫ್ಟ್‌ವೇರಿನ ಬಾಯಿಗಿಟ್ಟರು. 'ಲಾಸ್‌ಲೆಸ್' ಒತ್ತಿದರು. ಟಿವಿ ದೊಡ್ಡದಲ್ಲವೇ ಎಂದು 'ಫೋರ್ ಕೆ'ಯನ್ನೂ ಒತ್ತಿದರು!

ಲ್ಯಾಪ್‌ಟಾಪ್ ಬುಸುಗುಟ್ಟಿತು. ಊಟವಾಯಿತು, ಚಹಾ ಆಯಿತು. ಕೊನೆಗೆ ಹುಟ್ಟಿದ ಶಿಶು ಹಳೆಯ ಎರಡೂ ಫೈಲುಗಳನ್ನು ಕೂಡಿಸಿದರೂ ಮೀರಿಸುವಷ್ಟು ದಪ್ಪ!

"ಸುಲಭಾ, ನಿಮ್ಮವ್ವ ಹೆಂಗ ಮೈತುಂಬಿ ಬಂದಾಳ ನೋಡು!"

ಮೈತುಂಬಿ ಬಂದದ್ದಕ್ಕೇ ಪೆನ್‌ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ಮ್ಯಾನೇಜರರ ಬುದ್ಧಿ ಮಿಂಚಿತು. ತೆರೆಯದೆ ಸುಮ್ಮನೆ ಕುರ್ಚಿ ಹಿಡಿದು ಕೂತವನು ಯಾರು? ಆ ದೊಡ್ಡ ಫೈಲು! ಆಫೀಸಿನಲ್ಲಿ ಅಂಥವರನ್ನು ಮನೆಗೆ ಕಳಿಸಿ ಅವರಿಗೆ ರೂಢಿಯಿತ್ತು. 'ಶಾಶ್ವತವಾಗಿ ಅಳಿಸಲೇ?' ಎಂದು ಯಂತ್ರ ಕೇಳಿತು. "ಅಳಸೋ!" ಎಂದರು ಜೋರಾಗಿ. ಖಾಲಿಯಾದ ಜಾಗದಲ್ಲಿ ಹೊಸ ಅವ್ವ ಕಾಲು ಚಾಚಿ ಕುಳಿತಳು.

ಸುಲಭಾ ಸೀರೆಯನ್ನು ತೊಡೆಯ ಮೇಲೆ ಹರಡಿ, ಕನ್ನಡಕ ಒರೆಸಿ, ಸೂಜಿಗೆ ದಾರ ಪೋಣಿಸಿ ಟಿವಿಯ ಮುಂದೆ ಕುಳಿತಳು. ಬಾಳಕೃಷ್ಣರು ಉದ್ಘಾಟನೆಗೆ ಬಂದ ಮಂತ್ರಿಯಂತೆ ರಿಮೋಟ್ ಒತ್ತಿದರು. "ಎರಡು ಎಳಿ ಬಿಟ್ಟು ತಗೀಬೇಕವಾ," ಎಂದಿತು ಅವ್ವನ ದನಿ.

"ರೀ, ಅವ್ವನ ಬೆರಳ ಎಲ್ಲಿ?"

"ಅಲ್ಲೇ ಅದಾವಲ್ಲ!"

"ಅದು ಬದನಿಕಾಯಿ."

ನಿಜ. ಐದು ಬೆರಳೂ ಕಲಸಿಹೋಗಿ ಒಂದು ಬದನೆಕಾಯಿಯಾಗಿತ್ತು. ಕೆಳಗೆ ನವಿಲಿರಬೇಕಾದಲ್ಲಿ ಚೌಕಾಬಾರದ ಮನೆಗಳು! ಎಳೆಯೆಲ್ಲಿ, ದಾರವೆಲ್ಲಿ! ಬಾಳಕೃಷ್ಣರು ಬೆಳಕು ಹೆಚ್ಚಿಸಿದರು. ಬದನೆಕಾಯಿ ಹೊಳೆಯಿತು. ಕ್ರಿಕೆಟ್ ನೋಡುವ ಮೋಡ್‌ಗೆ ಹಾಕಿದರು. ಬದನೆಕಾಯಿ ಹಸಿರಾಯಿತು!

ಮಗಳಿಗೆ ಫೋನ್ ಹೋಯಿತು.

"ಅಪ್ಪಾ, ಯಾವ ಫೈಲ್ ತಗೊಂಡಿ?"

"ತೆರೀತಿತ್ತಲ್ಲ, ಸಣ್ಣದು."

"ಅಯ್ಯ! ಅದು ನಾ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು! ಅದರಾಗಿನ ಎಳಿ ಎಲ್ಲಾ ಆವತ್ತ ಅಳಿಸಿಹೋಗ್ಯಾವ. ಹೋದದ್ದನ್ನ ನಿನ್ನ ಲಾಸ್‌ಲೆಸ್ ಹಿಂದ ತರೂದಿಲ್ಲಪಾ."

"ಮತ್ತ ಇಷ್ಟು ದಪ್ಪ ಯಾಕ ಆತು?"

"ಒಂದೊಂದು ಚೌಕಾನೂ ಭಕ್ತಿಲೇ ಬರಕೊಂಡು ಕೂತದ, ಅದಕ್ಕ! ಇರಲಿ ಬಿಡು. ದೊಡ್ಡದು ಅದ ಅಲ್ಲ? ಅದರ ಡಬ್ಬಿ ಅಷ್ಟ ಬದಲಿಸಿದ್ರ ಟಿವಿ ತೋರಸ್ತದ. ಎರಡ ನಿಮಿಷದ ಕೆಲಸ. ಸಂಜಿಗೆ ಬರ್ತೀನಿ."

ಬಾಳಕೃಷ್ಣರು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು.

"ಅಪ್ಪಾ? ದೊಡ್ಡದು ಅದ ಅಲ್ಲ?"

"ಜಾಗಾ... ಸಾಲಲಿಲ್ಲ. ನಿನ್ನ ಫೋನಿನಾಗ ಇದ್ದೇ ಇರ್ತದಲ್ಲ?"

"ಫೋನ್ ಬದಲಿಸಿದಾಗ ತಗದೆ. 'ನಿಮಗ್ಯಾರಿಗೂ ಜ್ವಾಪಾನ ಇಲ್ಲ, ನನ್ನ ಕಡೆ ಕೊಡ್ರಿ' ಅಂತ ನೀನ ಇಸಕೊಂಡಿದ್ದಿ!"

ಸಂಜೆ ಅನುಜಾ ಬಂದಳು. ಅಳಿಸಿದ್ದನ್ನು ಹೆಕ್ಕುವ ಸಾಫ್ಟ್‌ವೇರ್ ತಂದು ಪೆನ್‌ಡ್ರೈವಿನ ಮೂಲೆಮೂಲೆ ಕೆದಕಿದಳು. ಅಜ್ಜಿ ಇದ್ದ ಜಾಗದಲ್ಲೆಲ್ಲ ಬದನೆಕಾಯಿಯೇ ಹಾಸಿಕೊಂಡು ಮಲಗಿತ್ತು.

ಸುಲಭಾ ಬೈಯಲಿಲ್ಲ. ಬೈದಿದ್ದರೆ ಬಾಳಕೃಷ್ಣರು ಎದುರು ವಾದ ಹೂಡಿ, ಟಿವಿ ಕಂಪನಿಯನ್ನು ದೂರಿ, ಹೇಗೋ ಬಚಾವಾಗುತ್ತಿದ್ದರು! ಅವಳು ಸೂಜಿಯಿಂದ ದಾರ ಎಳೆದಳು, ಉಂಡೆಗೆ ಸುತ್ತಿಟ್ಟಳು, ಸೀರೆ ಮಡಚಿದಳು. ಪೆನ್‌ಡ್ರೈವ್ ಮರಳಿ ಚುಚ್ಚಿದ ಟಿವಿಯಲ್ಲಿ ಅವ್ವ ಮತ್ತೆ, "ಈಗ ಇಲ್ಲಿ ಹೊರಳಸು, ಹಿಂಗ ನೋಡು," ಎನ್ನುತ್ತಿದ್ದಳು. ಅದನ್ನು ಆರಿಸಲು ಬಾಳಕೃಷ್ಣರಿಗೆ ರಿಮೋಟೇ ಸಿಗಲಿಲ್ಲ. ಅದು ಅವರ ಕೈಯಲ್ಲೇ ಇತ್ತು.

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಸೊಸೈಟಿಯ ಹೆಂಗಸರೆಲ್ಲ ಬಂದರು. ಕರಿ ಸೀರೆಯಲ್ಲಿ ಅನುಜಾ ಕುಳಿತಿದ್ದಳು. ಸೆರಗಿನ ತುದಿಯ ನವಿಲಿಗೆ ತಲೆಯಿರಲಿಲ್ಲ. ಬಾಳಕೃಷ್ಣರು ಎಳ್ಳುಂಡೆಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೇಲಿನ ಮಹಡಿಯ ಹರ್ಷದಾ ಸೊಲ್ಲಾಪುರದವಳು, ಕನ್ನಡ ಬಲ್ಲವಳು. ಸೆರಗು ಮುಟ್ಟಿ, "ಇದೊಂದು ಅರ್ಧಾಕ್ಕ ಯಾಕ ಬಿಟ್ರಿ, ಕಾಕೂ?" ಎಂದಳು.

"ಅಷ್ಟಕ್ಕ ಮುಗೀತವಾ," ಎಂದಳು ಸುಲಭಾ.

ಹರ್ಷದಾಳ ಕಣ್ಣು ಬಾಗಿಲಿನತ್ತ ಹೋಯಿತು. "ಕಾಕಾ, ಛಲೋ ಸಿಕ್ರಿ! ತೀರಿಹೋದ ನಮ್ಮಪ್ಪ, ಬಾಬಾರದು ಒಂದು ವಿಡಿಯೋ ಅದ. ಟಿವಿಯೊಳಗ ತೆರೀವಲ್ದು. ಲಿಫ್ಟಿನಾಗ ಹೇಳಿದ್ರಲ್ಲ, ಅದೇನೋ ಲಾಸ್‌ಲೆಸ್ ಅಂತ. ಮಾಡಿಕೊಡ್ತೀರಿ?"

ಬಾಳಕೃಷ್ಣರು ಬಾಯಿ ತೆರೆಯುವುದರೊಳಗೆ ಸುಲಭಾ ಅವರ ತಾಟಿನಿಂದ ಎಳ್ಳುಂಡೆ ತೆಗೆದು ಹರ್ಷದಾಳ ಅಂಗೈಯಲ್ಲಿಟ್ಟು, ಹಬ್ಬಕ್ಕೆ ತಕ್ಕ ಸಿಹಿ ದನಿಯಲ್ಲಿ ಹೇಳಿದಳು:

"ಕೊಡವಾ, ಜರೂರ ಕೊಡು. ಅದಕ್ಕೂ ಮೊದಲ ಬಾಬಾರನ್ನ ಒಂದ್ಸಲ ಕಣ್ತುಂಬ ನೋಡ್ಕೊಂಡಬಿಡು."