ಪಿಕಪ್ಪಿನ ಮೆಟ್ಟಿಲಿಗೆ ನಾನು ದೀಪ ಹಾಕಿದ್ದು

ವಿದ್ಯುತ್ತಿಗೂ ನನಗೂ ಇದ್ದದ್ದು ಗುರು ಶಿಷ್ಯರ ಸಂಬಂಧ. ಇಬ್ಬರಲ್ಲಿ ಗುರು ಯಾರು ಎಂಬುದರಲ್ಲಿ ಮಾತ್ರ ಸ್ವಲ್ಪ ಗೊಂದಲವಿತ್ತು. ಎಂಬತ್ತರ ದಶಕದ ಒಂದು ಸೋಮವಾರ ಬೆಳಗಿನ ಜಾವ, ಹೆಜಮಾಡಿಯ ಕಡಲ ಬದಿಯಲ್ಲಿ, ಅದು ಎಂಟು ಜನ ಸಾಕ್ಷಿಗಳ ಎದುರು ಶಾಶ್ವತವಾಗಿ ಬಗೆಹರಿಯಿತು.

ಆಗ ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಬ್ಯಾಟರಿ, ಬಲ್ಬು, ಸ್ವಿಚ್ಚುಗಳ ಚಿತ್ರ ಬರೆದು ಬರೆದು, ವಯರು ಇರುವ ಯಾವುದೇ ವಸ್ತು ನನ್ನ ಮಾತು ಕೇಳಲೇಬೇಕು ಎಂಬ ನಂಬಿಕೆ ಬೆಳೆದುಬಿಟ್ಟಿತ್ತು. ನನ್ನ ಹೆಂಡತಿ ವಾಸಂತಿಗೆ ಈ ನಂಬಿಕೆ ಇರಲಿಲ್ಲ. ನಾನು ರಿಪೇರಿ ಮಾಡಿದ ಇಸ್ತ್ರಿಪೆಟ್ಟಿಗೆ ಮಂಚದ ಕೆಳಗಿತ್ತು. ಅದು ಬಿಸಿಯಾಗುತ್ತಿರಲಿಲ್ಲ, ಗುಂಯ್ ಎನ್ನುತ್ತಿತ್ತು.

ಹೆಜಮಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಫೆಲಿಕ್ಸ್ ಪೊರ್ಬುಗಳು. ಬಹರೈನಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಬಂದು, ಒಂದು ಹಳೆಯ ಪಿಕಪ್ ಗಾಡಿ ಕೊಂಡಿದ್ದರು. ದಿನಾ ಬೆಳಕು ಹರಿಯುವ ಮೊದಲು ಹೆಜಮಾಡಿಯ ಏಳು ಜನ ಮೀನು ಮಾರುವ ಹೆಂಗಸರನ್ನೂ ಅವರ ಬುಟ್ಟಿಗಳನ್ನೂ ಕಾರ್ಕಳದ ಮಾರ್ಕೆಟ್ಟಿಗೆ ಮುಟ್ಟಿಸುವುದು ಅವರ ಕೆಲಸ. ಗಾಡಿಯ ಹಿಂಬದಿಯಲ್ಲಿ ಹತ್ತಲಿಕ್ಕೆ ಒಂದೇ ಒಂದು ಕಬ್ಬಿಣದ ಮೆಟ್ಟಿಲು. ಕಪ್ಪು ಬಣ್ಣದ್ದು, ಆ ಹೊತ್ತಿನ ಕತ್ತಲೆಯದೇ ಬಣ್ಣ.

ಆ ಏಳು ಜನಕ್ಕೆ ಮುಖ್ಯಸ್ಥೆ ಲಲಿತಕ್ಕ. ಅರವತ್ತರ ಪ್ರಾಯ, ಸಣಕಲು ದೇಹ, ತಲೆಯ ಮೇಲೆ ತುಂಬಿದ ಬುಟ್ಟಿ ಇದ್ದರೂ ಕುತ್ತಿಗೆ ಅಲುಗದ ನಡಿಗೆ. ನನಗೆ ಅವರನ್ನು ಕಂಡರೆ ಚಿಕ್ಕಂದಿನಿಂದಲೂ ಒಂಥರಾ ಭಯಭಕ್ತಿ. ಅಂಥವರು ಒಂದು ದಿನ ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ನಾಲ್ಕು ದಿನ ಮನೆಯಲ್ಲಿ ಕೂತರು. ಐದನೆಯ ದಿನ ಬಂದರು ನಿಜ, ಆದರೆ ಮೆಟ್ಟಿಲ ಎದುರು ನಿಂತರೆ ಕಾಲು ಎತ್ತಲಿಕ್ಕೇ ಆಗುತ್ತಿರಲಿಲ್ಲವಂತೆ. ಇಬ್ಬರು ಹೆಂಗಸರು ಹಿಡಿದು ಹತ್ತಿಸಬೇಕಾಯಿತು.

"ಇನ್ನೊಂದು ಸಲ ಬಿದ್ದರೆ ನನ್ನ ವ್ಯಾಪಾರ ಮುಗಿಯಿತು ಪೊರ್ಬುಗಳೇ," ಎಂದರಂತೆ. "ಬಸ್ಸಿನವ ಬುಟ್ಟಿ ಹತ್ತಿಸುವುದಿಲ್ಲ. ಮನೆಯಲ್ಲಿ ಕೂತು ನಾನು ಎಂತ ಮಾಡುವುದು?"

ಪೊರ್ಬುಗಳು ಇದನ್ನು ಕಂಪೌಂಡಿನ ಆಚೆ ನಿಂತು ನನಗೆ ಹೇಳುವಾಗ ಅವರ ಮುಖ ಬಾಡಿತ್ತು. ಬಹರೈನಿನಲ್ಲಿ ಗಾಡಿಯ ಮೆಟ್ಟಿಲಿಗೇ ಸಣ್ಣ ದೀಪ ಇರುವುದನ್ನು ಅವರು ನೋಡಿದ್ದರು. ಅಂಥದ್ದು ಹಾಕಿಸಬೇಕು, ಆದರೆ ಉಡುಪಿಯ ಎಲೆಕ್ಟ್ರಿಷಿಯನ್ ಮುಂದಿನ ವಾರ ಬಾ ಎಂದಿದ್ದಾನೆ ಎಂದರು.

"ಮುಂದಿನ ವಾರ ಎಂತಕ್ಕೆ? ನಾನಿಲ್ವಾ?" ಎಂದೆ.

ನಮ್ಮ ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು. ಅದು ಕೈತಪ್ಪಿ ಬಿದ್ದದ್ದೋ, ವಾಸಂತಿಯ ಅಭಿಪ್ರಾಯವೋ, ಈವರೆಗೆ ಗೊತ್ತಾಗಿಲ್ಲ.

ಶನಿವಾರ ಮಧ್ಯಾಹ್ನ ಉಡುಪಿಗೆ ಹೋಗಿ ಎರಡು ಪುಟ್ಟ ದೀಪ, ವಯರು, ಒಂದು ಸ್ವಿಚ್ಚು ತಂದೆ. ಅಂಗಡಿಯವರು, ದೀಪದ ಹಿಂದೆ ನೀರು ಹೋಗದ ಹಾಗೆ ರಬ್ಬರಿನ ಟೊಪ್ಪಿ ಹಾಕಬೇಕು, ಅದನ್ನೂ ತೆಗೆದುಕೊಳ್ಳಿ ಎಂದರು. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳು ಉಂಟು ಎಂದೂ, ನಾನು ವಿಜ್ಞಾನದ ಮೇಷ್ಟ್ರು ಎಂದೂ ಅವರಿಗೆ ಸಮಾಧಾನದಿಂದ ವಿವರಿಸಿದೆ. ಅವರು ಟೊಪ್ಪಿಗಳನ್ನು ಮರಳಿ ಡಬ್ಬಕ್ಕೆ ಹಾಕಿದರು. ಅಜ್ಞಾನಿ ಎಂದುಕೊಂಡೆ, ಪಾಪ.

ಭಾನುವಾರ ಪೊರ್ಬುಗಳು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಕೂಡಲೇ ಕಾರ್ಯಾರಂಭವಾಯಿತು. ಮೊದಲು ಅವರ ಸಿಮೆಂಟು ಅಂಗಳದಲ್ಲಿ ಸೀಮೆಸುಣ್ಣದಿಂದ ನಕ್ಷೆ ಬರೆದೆ. ಪೊರ್ಬುಗಳು ಕೈಕಟ್ಟಿ ನಿಂತು ಅದನ್ನು ನೋಡಿದ ರೀತಿಗೆ ನನ್ನ ಎದೆ ಉಬ್ಬಿತು. ಎರಡು ಗಂಟೆಯ ಪರಿಶ್ರಮದ ನಂತರ ಸ್ವಿಚ್ಚು ಒತ್ತಿದೆ. ಹಾರ್ನ್ ಹೊಡೆಯಿತು!

ನಕ್ಷೆ ಸರಿ ಇತ್ತು. ಗಾಡಿ ನಕ್ಷೆಯ ಪ್ರಕಾರ ಇರಲಿಲ್ಲ. ಹಾರ್ನಿನ ವಯರಿನಿಂದ ನನ್ನ ವಯರನ್ನು ಬಿಡಿಸಿ ಅದರ ಪಕ್ಕದ್ದಕ್ಕೆ ಸುತ್ತಿದೆ. ಈಗ ದೀಪ ಉರಿಯಿತು, ಕೂಡಲೇ ಫ್ಯೂಸ್ ಹೋಯಿತು. ಹೊಸ ಫ್ಯೂಸ್ ಹಾಕಿದೆ. ಅದೂ ಹೋಯಿತು. ಮೂರನೆಯದೂ ಹೋದ ಮೇಲೆ ಅದರ ಜಾಗದಲ್ಲಿ ಒಂದು ದಪ್ಪ ತಾಮ್ರದ ತಂತಿ ಸಿಕ್ಕಿಸಿದೆ. ಅಷ್ಟರಲ್ಲಿ ವಾಸಂತಿ ಚಾ ತಂದಳು.

"ಆ ಫ್ಯೂಸ್ ಇರುವುದು ಎಂತಕ್ಕೆ?" ಎಂದು ಕೇಳಿದಳು.

ತೊಂದರೆ ಇದ್ದಾಗ ತಾನು ಸುಟ್ಟು ಗಾಡಿಯನ್ನು ಉಳಿಸಲಿಕ್ಕೆ ಎಂದು, ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದೆ.

"ಹಾಗಾದರೆ ಅದು ಮೂರು ಸಲ ಸುಟ್ಟದ್ದು?"

"ಅದಕ್ಕೆ ಅಭ್ಯಾಸ ಇಲ್ಲ," ಎಂದೆ.

ವಾಸಂತಿ ಖಾಲಿ ಲೋಟ ತೆಗೆದುಕೊಂಡು ಮನೆಗೆ ಹೋದಳು. ಪೊರ್ಬುಗಳು ಮಾತ್ರ ಉಳಿದ ಒಂದು ಫ್ಯೂಸನ್ನು ಹೆಕ್ಕಿ ಮೆಲ್ಲಗೆ ಶರ್ಟಿನ ಕಿಸೆಗೆ ಹಾಕಿಕೊಂಡರು. ಅದೇಕೆಂದು ನಾನು ಕೇಳಲಿಲ್ಲ, ಏಕೆಂದರೆ ಎರಡೂ ದೀಪಗಳು ಆಗ ಝಗಝಗ ಉರಿಯುತ್ತಿದ್ದವು.

ಸೋಮವಾರ ಮುಂಜಾನೆ ಉದ್ಘಾಟನೆಗೆ ನಾನೂ ಹೋದೆ, ಇಸ್ತ್ರಿ ಇಲ್ಲದ ಬಿಳಿ ಶರ್ಟು ಹಾಕಿಕೊಂಡು. ಕಡಲ ಬದಿಯ ಕತ್ತಲೆಯಲ್ಲಿ ಹೆಂಗಸರು ಬುಟ್ಟಿಗಳೊಂದಿಗೆ ಸಾಲಾಗಿ ನಿಂತಿದ್ದರು. ಸ್ವಿಚ್ಚು ಒತ್ತಿದೆ. ಮೆಟ್ಟಿಲು ಬೆಳಗಿತು. ಏಳು ಜನರೂ ಒಟ್ಟಿಗೆ ಹಾ ಎಂದರು. ಲಲಿತಕ್ಕ ಮುಡಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ದೀಪದ ಮೇಲಿಟ್ಟರು. ನನಗೆ ಕಣ್ಣು ತುಂಬಿ ಬಂತು. ಎರಡು ಮಾತು ಆಡಬೇಕೆನಿಸಿ, ವಿಜ್ಞಾನವು ಜನಸಾಮಾನ್ಯರ ಬಾಗಿಲಿಗೆ ಬರಬೇಕಾದ ಅಗತ್ಯದ ಬಗ್ಗೆ ಮಾತು ಸುರುಮಾಡಿದೆ. ಭಾಷಣ ಕೇಳುತ್ತ ನಿಂತರೆ ಮೀನು ಹಾಳಾಗುತ್ತದಲ್ಲ, ಇಬ್ಬರು ಹೆಂಗಸರು ಮೊದಲ ಬುಟ್ಟಿ ಎತ್ತಿ ಗಾಡಿಯ ಅಂಚಿಗಿಟ್ಟು ಒಳಗೆ ದೂಡಿದರು.

ಬುಟ್ಟಿಯ ತಳದಿಂದ ಉಪ್ಪುನೀರು ಸೀದಾ ನನ್ನ ದೀಪದ ಮೇಲೆ ಇಳಿಯಿತು.

ನಾನು ಹುಟ್ಟಿ ಬೆಳೆದದ್ದು ಹೆಜಮಾಡಿಯಲ್ಲಿ. ಮೀನಿನ ಬುಟ್ಟಿ ಸೋರುವುದನ್ನು ನೋಡದ ದಿನ ನನ್ನ ಆಯುಷ್ಯದಲ್ಲೇ ಇಲ್ಲ. ಅದಲ್ಲದೆ ಪ್ರತಿ ವರ್ಷ ಒಂಬತ್ತನೆಯ ಕ್ಲಾಸಿನಲ್ಲಿ ಉಪ್ಪುನೀರಿಗೆ ಎರಡು ಮೊಳೆ ಇಳಿಸಿ ಬಲ್ಬು ಉರಿಸಿ, ಉಪ್ಪುನೀರು ಉತ್ತಮ ವಿದ್ಯುದ್ವಾಹಕ ಎಂದು ಸಾಬೀತು ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸುವವನೂ ನಾನೇ. ಈ ಎರಡು ಜ್ಞಾನಗಳು ನನ್ನ ತಲೆಯೊಳಗೆ ಅಷ್ಟು ವರ್ಷ ಒಂದನ್ನೊಂದು ಭೇಟಿಯಾಗದೆ ವಾಸವಾಗಿದ್ದವು. ಅಂದು ಭೇಟಿಯಾದವು.

ದೀಪ ಒಮ್ಮೆ ಮಿನುಗಿ ನಂದಿತು. ಸುಟ್ಟ ವಾಸನೆ ಬಂತು, ಹೊಗೆ ಬಂತು. ಸುಟ್ಟು ಗಾಡಿಯನ್ನು ಉಳಿಸಬೇಕಾಗಿದ್ದ ಫ್ಯೂಸನ್ನು ನಾನೇ ಕೆಲಸದಿಂದ ತೆಗೆದಿದ್ದೆನಲ್ಲ, ಹಾಗಾಗಿ ವಯರುಗಳೇ ಕರಗಿ ಒಂದಕ್ಕೊಂದು ಅಂಟಿಕೊಂಡು ಹಾರ್ನ್ ಸುರುವಾಯಿತು. ನಿಲ್ಲಲಿಲ್ಲ! ಇಡೀ ಹೆಜಮಾಡಿ ಎದ್ದಿತು. ಇಷ್ಟು ಬೇಗ ಯಾರ ಮನೆಯ ದಿಬ್ಬಣ ಎಂದು ಒಬ್ಬ ಮುದುಕರು ಲಾಟೀನು ಹಿಡಿದು ರಸ್ತೆಗೆ ಬಂದರು. ಹೊಗೆಗೆ ಹೆದರಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೂರನೆಯ ಹೆಜ್ಜೆಗೆ ನೆಲ ಸಿಗಲಿಲ್ಲ, ಲಲಿತಕ್ಕನ ಬಂಗುಡೆಯ ಬುಟ್ಟಿ ಸಿಕ್ಕಿತು. ಬಿಳಿ ಶರ್ಟಿನ ಸಮೇತ ಅದರೊಳಗೆ ಕುಳಿತೆ.

ಲಲಿತಕ್ಕ ಒಂದೇ ಕೈಯಿಂದ ನನ್ನ ರಟ್ಟೆ ಹಿಡಿದು ಎತ್ತಿ ಮರಳ ಮೇಲೆ ನಿಲ್ಲಿಸಿದರು. ಮೊದಲು ಮೀನನ್ನು ನೋಡಿದರು, ಆಮೇಲೆ ನನ್ನನ್ನು. ಅದೇ ಸರಿಯಾದ ಕ್ರಮ.

ಪೊರ್ಬುಗಳು ಬಾನೆಟ್ ಎತ್ತಿ ಬ್ಯಾಟರಿಯ ವಯರು ಕಿತ್ತರು. ಹಾರ್ನ್ ನಿಂತಿತು. ಹೆಂಗಸೊಬ್ಬರ ಕತ್ತಿ ಕೇಳಿ ಪಡೆದು ನನ್ನ ವಯರುಗಳನ್ನೆಲ್ಲ ಬಂಗುಡೆಯ ಮುಳ್ಳು ತೆಗೆದಷ್ಟು ಚೊಕ್ಕಟವಾಗಿ ಬಿಡಿಸಿದರು, ಹಾರ್ನಿನ ವಯರಿಗೆ ಬಟ್ಟೆ ಸುತ್ತಿದರು, ತಾಮ್ರದ ತಂತಿ ಎಸೆದು ಕಿಸೆಯ ಫ್ಯೂಸನ್ನು ಹಾಕಿದರು. ಗಾಡಿ ಸ್ಟಾರ್ಟ್ ಆಯಿತು, ಮುಂದಿನ ದೀಪಗಳು ಹತ್ತಿದವು. ಹೊಸ ದೀಪ ಹಾಕಲಿಕ್ಕೆ ಬಾರದಿದ್ದರೂ ಇಷ್ಟೆಲ್ಲ ಬರುವ ಮನುಷ್ಯ ಭಾನುವಾರವಿಡೀ ನನ್ನ ಎದುರು ಕೈಕಟ್ಟಿ ನಿಂತಿದ್ದರಲ್ಲ, ಅಂಥ ದೊಡ್ಡ ಮನಸ್ಸು ನನಗೆ ಆ ಮೇಲೆ ಎಲ್ಲೂ ಸಿಕ್ಕಿಲ್ಲ.

ಮುಂದೆ ಬೆಳಕಾಯಿತು. ಹಿಂದಿನ ಮೆಟ್ಟಿಲು ಮೊದಲಿನ ಹಾಗೆಯೇ ಕತ್ತಲೆಯಲ್ಲಿತ್ತು. ಎಲ್ಲರೂ ಲಲಿತಕ್ಕನನ್ನು ನೋಡಿದರು. ಲಲಿತಕ್ಕ ಮೆಟ್ಟಿಲನ್ನು ನೋಡಿದರು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅವರು ಈಗ ಮನೆಗೆ ತಿರುಗಿದರೆ ಆ ಪಾಪ ನನ್ನದೇ.

ಅವರು ಸೊಂಟದಿಂದ ಎಲೆಯಡಿಕೆಯ ಚೀಲ ಬಿಚ್ಚಿದರು. ಈ ಹೊತ್ತಿನಲ್ಲಿ ಎಲೆ ಹಾಕುತ್ತಾರೆಯೇ ಎಂದುಕೊಂಡೆ. ಸುಣ್ಣದ ಡಬ್ಬಿ ತೆಗೆದು, ಸೆರಗಿನಿಂದ ಮೆಟ್ಟಿಲನ್ನು ಒರೆಸಿ, ಸುಣ್ಣ ಮೆತ್ತಿದ ಬೆರಳನ್ನು ಅದರ ಅಂಚಿನ ಉದ್ದಕ್ಕೂ ಎಳೆದರು. ಹಿಡಿಯುವ ಸರಳಿಗೂ ಒಂದು ಗೆರೆ ಹಾಕಿದರು. ನಕ್ಷತ್ರದ ಬೆಳಕಿನಲ್ಲೇ ಬಿಳಿ ಗೆರೆ ಎದ್ದು ಕಂಡಿತು.

"ಈಗ ಕಾಣ್ತದೆ," ಎಂದರು. ಯಾರೂ ಹಿಡಿಯದೆ, ಕಾಲೆತ್ತಿ ಹತ್ತಿದರು. ಒಳಗೆ ಕೂತ ಮೇಲೆ ತಲೆ ಹೊರಗೆ ಹಾಕಿ, "ಬೇಜಾರು ಮಾಡ್ಬೇಡಿ ಮಾಸ್ಟ್ರೇ. ನಿಮ್ಮ ದೀಪ ಚಂದ ಇತ್ತು," ಎಂದರು.

ಎರಡು ಸಲ ಸ್ನಾನ ಮಾಡಿ ಕಾಪುವಿನ ಬಸ್ಸು ಹತ್ತಿದೆ. ಕಂಡಕ್ಟರು ಮೂಗು ಅರಳಿಸಿ, ಬುಟ್ಟಿ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ಶಾಲೆಯಲ್ಲಿ ಮೊದಲ ಪೀರಿಯಡ್ಡೇ ಬೆಳಕಿನ ಪಾಠ. ಬಿಳಿಯ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಪ್ರತಿಫಲಿಸುತ್ತದೆ ಎಂದು ಹನ್ನೆರಡನೆಯ ವರ್ಷವೂ ಕರಿಹಲಗೆಯ ಮೇಲೆ ಬರೆದೆ. ಬರೆದು, ಬೆರಳಿಗೆ ಮೆತ್ತಿದ ಸೀಮೆಸುಣ್ಣವನ್ನು ನೋಡಿದೆ.

ಸಂಜೆ ಪೊರ್ಬುಗಳು ಸುಣ್ಣದ ಗೆರೆಯ ಮೇಲೆ ಬಿಳಿ ಪೈಂಟು ಬಳಿಯುತ್ತಿದ್ದರು. ಒಂದಿಷ್ಟು ಆಚೀಚೆ ಸರಿಸದೆ, ಲಲಿತಕ್ಕ ಎಳೆದಲ್ಲೇ. ಅದರ ನಂತರ ಎಷ್ಟೋ ವರ್ಷ ಲಲಿತಕ್ಕ ಆ ಮೆಟ್ಟಿಲು ಹತ್ತಿ ಇಳಿದರು, ಒಮ್ಮೆಯೂ ಕಾಲು ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಮನೆಯ ಹೊರಗಿನ ಮೆಟ್ಟಿಲಿನ ಅಂಚಿನಲ್ಲೂ ಉದ್ದಕ್ಕೆ ಒಂದು ಬಿಳಿ ಗೆರೆ. ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು. ಇದು ಯಾರಿಗೆ ಎಂದು ವಾಸಂತಿಯನ್ನು ಕೇಳಿದೆ.

"ಲಲಿತಕ್ಕ ಗಾಡಿಗೆ ಹೋಗುವಾಗ ಹಾಕಿ ಹೋದರು," ಎಂದಳು. "ಮಾಸ್ಟ್ರು ಹಿಂದೆ ನೋಡದೆ ನಡೆಯುತ್ತಾರೆ, ಜಾಗ್ರತೆ ಅಂದರು."